ಅಂಬಮ್ಮನ ಬೆರಳಳತೆ

ಗೂಗಲ್ ಎಂಬ ಊರಿನ ಹೊಳೆದಂಡೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಬಮ್ಮ ಆಗಲೇ ಕಾಲು ಚಾಚಿ ಕೂತಿದ್ದಾರೆ. ಬಲೆಯ ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದೆ, ಕೈಯಲ್ಲಿ ನೂಲು ಸುತ್ತಿದ ಬಿದಿರಿನ ಸೂಜಿ. ಎಂಟು ಗಂಟೆಗೆ ದೋಣಿಯವರು ಬರುವಷ್ಟರಲ್ಲಿ ಇಪ್ಪತ್ತು ತೂತು ಮುಚ್ಚಬೇಕು. ಐವತ್ತೆಂಟರ ಸೊಂಟ ಹೇಳಿದ ಮಾತು ಕೇಳುವುದಿಲ್ಲ.

“ಸೊಂಟದ ಮಾತು ಕೇಳ್ಕೋತ ಕುಂತ್ರ ಹೊಟ್ಟಿ ಮಾತು ಯಾರು ಕೇಳ್ತಾರ್ರೀ?” ಎನ್ನುತ್ತಾರೆ.

ಬಲೆ ಅವರದಲ್ಲ, ದೋಣಿಯವರದು. ಗಂಡ ಹುಸೇನಪ್ಪ ಹರಗೋಲಿನಲ್ಲಿ ಮೀನು ಹಿಡಿಯುವವರು. ಅವರ ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ತೂರಬೇಕು, ಮರಿಮೀನು ನುಸುಳಿ ಹೋಗಬೇಕು. ಈ ಮನೆತನದಲ್ಲಿ ಅಳತೆಪಟ್ಟಿ ಎಂದರೆ ಬೆರಳೇ. ಮೂರು ವರ್ಷದ ಹಿಂದೆ ಆಂಧ್ರದ ಕಡಲ ತೀರದಿಂದ ಲಾರಿಯಲ್ಲಿ ದೋಣಿಗಳು ಬಂದಿಳಿದವು. ಜೊತೆಗೆ ಬಂದ ಬಲೆಗಳೋ, ಮರಿಯೂ ನುಸುಳದ ಸೊಳ್ಳೆಪರದೆಯೇ ಸರಿ! ದೇವದುರ್ಗದ ಸಂತೆಗೆ ಬುಟ್ಟಿ ತುಂಬ ಒಯ್ಯುತ್ತಿದ್ದ ಹುಸೇನಪ್ಪ ಈಗ ಒಯ್ಯುವುದು ನಾಲ್ಕೈದು ಮೀನು.

ಕೊನೆಗೆ ಹೋದ ತಿಂಗಳು ಅಂಬಮ್ಮ ಸೆರಗು ಬಿಗಿದು ಜಗಳಕ್ಕೇ ಹೋದರು. ಆ ತಂಡದ ಹಿರಿಯ ತೆಲುಗಿನಲ್ಲಿ ತನ್ನ ಗೋಳು ಹೇಳಿಕೊಂಡ. ಪರದೇಶದ ದೊಡ್ಡ ಹಡಗುಗಳು ಅವರ ಸಮುದ್ರವನ್ನು ಗುಡಿಸಿಕೊಂಡು ಹೋಗಿವೆ, ಊರಿನ ದೋಣಿಗಳು ಮರಳಲ್ಲಿ ಮಗುಚಿ ಬಿದ್ದಿವೆ.

“ಜಗಳಾಡಾಕ ಹೋದಾಕಿ ಅವರ ಹರದ ಬಲಿ ಕೂಲಿಗೆ ಹೊಲ್ಯಾಕ ಹೊತ್ಕೊಂಡು ಬಂದೆ ನೋಡ್ರಿ. ಅವರ ಹೊಟ್ಟೀನೂ ಹೊಟ್ಟೀನ ಅಲ್ರೀ? ಹಡಗು ಅವರನ್ನ ಓಡಿಸ್ತು, ಅವರು ಇಲ್ಲಿಗೆ ಬಂದ್ರು. ನಾವು ಇನ್ನೆಲ್ಲಿಗೆ ಹೋಗೂದು?”

ಮೊದಲ ಬಲೆಯಲ್ಲೇ ಎಡವಟ್ಟಾಯಿತು. ಕೈಗೆ ಹುಟ್ಟಿನಿಂದ ಬಂದ ಚಾಳಿ: ಹರಿದ ಜಾಗಕ್ಕೆಲ್ಲ ನಾಲ್ಕು ಬೆರಳಿನ ಕಣ್ಣೇ ಹಾಕಿಬಿಟ್ಟರು. ಮರಿಗಳೆಲ್ಲ ಆ ಕಿಂಡಿಗಳಿಂದ ಪಾರಾದವು. ಹಿರಿಯ ಬೈದ, ಕೈ ತಪ್ಪು ಎಂದು ಬಿಟ್ಟ. ಆದರೆ ಎರಡನೆಯ ಬಲೆಗೂ ಅದೇ ಅಳತೆ, ಮೂರನೆಯದಕ್ಕೂ ಅದೇ.

“ಮೊದಲಿಂದು ತಪ್ಪು ಖರೇ. ಆಮ್ಯಾಲಿನವು ತಪ್ಪಲ್ರೀ,” ಎನ್ನುವಾಗ ಅಂಬಮ್ಮ ತಲೆ ಎತ್ತುವುದಿಲ್ಲ.

ಇನ್ನೊಮ್ಮೆ ಹೀಗಾದರೆ ಕೆಲಸ ರಾಯಚೂರಿನ ಬಲೆ ಹೊಲಿಯುವವರ ಪಾಲು ಎಂದು ಹಿರಿಯ ಹೋದ ವಾರವೇ ಹೇಳಿದ್ದಾನೆ. ಮನೆಯ ಒಲೆ ಉರಿಯುವುದು ಈಗ ಈ ಕೆಲಸದಿಂದಲೇ. ಅದು ಗೊತ್ತಿದ್ದೂ ಸೂಜಿ ತನ್ನ ಹಳೇ ಅಳತೆಯಲ್ಲೇ ಓಡುತ್ತಿದೆ. ಹಟವೋ ದಣಿವೋ, ಅವರಿಗೇ ಗೊತ್ತು.

ಎಂಟಕ್ಕೆ ಹಿರಿಯ ಬರುತ್ತಾನೆ. ಹೊಲಿದ ಜಾಗಕ್ಕೆ ಬೆರಳು ತೂರಿಸಿ ನೋಡುತ್ತಾನೆ, ನಾಲ್ಕೂ ತೂರುತ್ತವೆ. ಬೈಯುವುದಿಲ್ಲ. ಬಲೆ ಮಡಚಿ ಹೆಗಲಿಗೇರಿಸಿ, “ನಾಳೆಯಿಂದ ಬೇಡಮ್ಮಾ” ಎಂದಷ್ಟೇ ಹೇಳಿ ದೋಣಿಯತ್ತ ನಡೆಯುತ್ತಾನೆ.

ಅಂಬಮ್ಮ ಮಂಡಿ ಹಿಡಿದು ಏಳುತ್ತಾರೆ. ಮುಖದಲ್ಲಿ ಸಿಟ್ಟಿಲ್ಲ, ಬರೀ ಸುಸ್ತು.

“ಹೋಗ್ಲಿ ಬಿಡ್ರಿ. ಮುಂದಿನ ವರ್ಷ ನಮ್ಮ ಮನಿಯವರ ಬಲ್ಯಾಗ ಒಂದು ದೊಡ್ಡ ಮೀನ ಬಿತ್ತಂದ್ರ, ಅದು ನಾ ಬಿಟ್ಟದ್ದು ಅಂತ ತಿಳ್ಕೋತೀನಿ.”