ಅಪ್ಪನ ಆಣೆ ಮುರಿಸಿದವಳು

ಅಮ್ಮಾ, ಅಪ್ಪನ ಕೈಗೆ ಮತ್ತೆ ಬೀಡಿ ಕೊಟ್ಟವಳು ನಾನು. ನಿನ್ನ ತಲೆ ಮುಟ್ಟಿ ಮಾಡಿದ ಆಣೆಯನ್ನು ಅವರು ತಾವಾಗಿ ಮುರಿಯಲಿಲ್ಲ — ನಾನು ಮುರಿಸಿದೆ. ಎರಡು ವರ್ಷದಿಂದ ನೀನು ಅವರ ಜೊತೆ ಮಾತು ಬಿಟ್ಟಿದ್ದೀಯ. ಆ ಎರಡು ವರ್ಷವೂ ನಾನು ನಿಮ್ಮಿಬ್ಬರ ನಡುವೆ ಕೂತು ಸುಮ್ಮನೆ ಉಂಡೆದ್ದಿದ್ದೇನೆ.

ಅಪ್ಪನಿಗೆ ಟಿಬಿ ಅಂತ ಗೊತ್ತಾದಾಗ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ — ಮಾತ್ರೆ ನುಂಗುವುದು ಎಷ್ಟು ಮುಖ್ಯವೋ ಬೀಡಿ ಬಿಡುವುದೂ ಅಷ್ಟೇ ಮುಖ್ಯ ಅಂತ. ಲಗೇಜ್ ಆಟೋ ಓಡಿಸುತ್ತಾ ಮೂವತ್ತು ವರ್ಷ ಬೀಡಿ ಹಿಡಿದ ಕೈಯನ್ನು ಅಪ್ಪ ಅವತ್ತೇ ನಿನ್ನ ತಲೆಯ ಮೇಲಿಟ್ಟರು. ನೀನು ಕೋಳಿ ಕೂಗುವ ಹೊತ್ತಿಗೇ ಗುಬ್ಬಿಯ ಹೂವಿನ ಅಂಗಡಿಗೆ ಹೋಗುತ್ತಿದ್ದೆ. ಬೆಳಗಿನ ಮಾತ್ರೆ ನುಂಗಿಸುವ ಕೆಲಸ ನನಗೆ ಬಿತ್ತು.

ಹನ್ನೊಂದು ದಿನ ಅವರು ಸೇದಲಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹನ್ನೆರಡನೆಯ ದಿನ ಮಾತ್ರೆ ಕೊಟ್ಟರೆ ಮುಖ ತಿರುಗಿಸಿದರು.

"ವಾಂತಿ ಬಂದಂಗಾಯ್ತದೆ. ಆಮೇಲೆ ನುಂಗ್ತೀನಿ, ನೀ ಹೋಗವ್ವ."

ಎದುರಿಗೇ ನುಂಗಿಸಬೇಕು ಅಂತ ಆಶಾ ಕಾರ್ಯಕರ್ತೆ ಅಕ್ಕ ಹೇಳಿದ್ದರು. ತುಮಕೂರಿನ ಗಾರ್ಮೆಂಟ್ಸಿಗೆ ಹೋಗುವ ನನ್ನ ಬಸ್ಸಿಗೆ ಹತ್ತೇ ನಿಮಿಷವಿತ್ತು. ತಡವಾಯಿತೆಂದು ಹಿಂದಿನ ದಿನವಷ್ಟೇ ಸೂಪರ್‌ವೈಸರ್ ಎಲ್ಲರೆದುರು ಬೈದಿದ್ದ. ಎದುರಿನ ಪೆಟ್ಟಿಗೆ ಅಂಗಡಿಗೆ ಓಡಿದೆ. ಒಂದು ಬೀಡಿ ತಂದು ಮಾತ್ರೆಗಳ ಪಕ್ಕ ಇಟ್ಟೆ.

"ಇವನ್ನ ನುಂಗಪ್ಪ, ಅದ ಸೇದ್ಕೊ. ಅಮ್ಮಂಗೆ ಹೇಳಲ್ಲ."

"ಬ್ಯಾಡ ಕಣವ್ವ. ಅವಳ ಮೇಲೆ ಆಣೆ ಇಟ್ಟಿವ್ನಿ."

ನಾನು ಬೀಡಿಯನ್ನು ಇನ್ನೂ ಹತ್ತಿರ ಸರಿಸಿದೆ. ಅವರು ಮಾತ್ರೆ ನುಂಗಿದರು. ನನಗೆ ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು.

ಅಪ್ಪ ಬದುಕಲಿ ಅಂತ ಕೊಟ್ಟೆ — ಹೀಗೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬಸ್ಸು ತಪ್ಪಬಾರದು ಅಂತ ಕೊಟ್ಟೆ. ಮರುದಿನವೂ ಕೊಟ್ಟೆ, ಅದರ ಮರುದಿನವೂ... ಆಶಾ ಅಕ್ಕ ಬಂದು ಕೇಳಿದಾಗ "ಬಿಟ್ಟವ್ರೆ ಅಕ್ಕ" ಅಂದೆ. ಪಾಪ, ಅವರು ಖುಷಿಯಿಂದ ಬರೆದುಕೊಂಡರು.

ಮೂರನೆಯ ವಾರ ಹಿತ್ತಲಲ್ಲಿ ಮೋಟು ಬೀಡಿಗಳು ನಿನ್ನ ಕಣ್ಣಿಗೆ ಬಿದ್ದವು.

"ನನ್ ಪ್ರಾಣಕ್ಕಿಂತ ಬೀಡಿ ಹೆಚ್ಚಾಯ್ತಾ ನಿಮ್ಗೆ?"

ಅಪ್ಪ ಒಂದೇ ಒಂದು ಸಲ ನನ್ನ ಕಡೆ ನೋಡಿದರು. "ಚಪಲ ತಡ್ಯಕ್ಕಾಗ್ಲಿಲ್ಲ ಕಣೇ" ಅಂದರು. ನಾನು ಟಿಫನ್ ಬಾಕ್ಸ್ ತೊಳೆಯುತ್ತಾ ನಿಂತಿದ್ದೆ. ಬಾಯಿ ಬಿಡಬೇಕಿತ್ತು — ಬಿಡಲಿಲ್ಲ.

ಅವತ್ತಿನಿಂದ ಅಪ್ಪ ಬೀಡಿ ಮುಟ್ಟಿಲ್ಲ. ಮಾತ್ರೆ ಪೂರ್ತಿ ಮುಗಿಸಿದರು, ಕಾಯಿಲೆ ವಾಸಿಯಾಯಿತು. ನೀನು ಮಾತ್ರ ನಂಬಲಿಲ್ಲ, ನಂಬುವಂತೆ ನಾನೂ ಮಾಡಲಿಲ್ಲ.

ಮೊನ್ನೆ ನೀನು ತಲೆಸುತ್ತಿ ಬಿದ್ದೆ. ಡಾಕ್ಟರು ಶುಗರ್ ಅಂದರು. ಮನೆಗೆ ಬಂದು ಅಪ್ಪನಿಗೆ ನೀನು ಹೇಳಿದ್ದು ಒಂದೇ ಮಾತು, "ನಿಮ್ಮ ಆಣೆ ತಟ್ಟಿತು ನೋಡಿ" ಅಂತ. ಎರಡು ವರ್ಷದಲ್ಲಿ ನೀನು ಅವರಿಗೆ ಆಡಿದ ಮೊದಲ ಮಾತು ಅದು. ಅಪ್ಪ ಅದನ್ನು ನಂಬಿಬಿಟ್ಟಿದ್ದಾರೆ, ಅಮ್ಮ. ಸರಿಯಾಗಿ ಉಣ್ಣುತ್ತಿಲ್ಲ. ನೀನು ಮಲಗಿದ್ದಾಗ ಬಾಗಿಲಲ್ಲಿ ನಿಂತು ನಿನ್ನ ಉಸಿರನ್ನೇ ನೋಡುತ್ತಿರುತ್ತಾರೆ.

ತಟ್ಟುವುದಿದ್ದರೆ ನನಗೆ ತಟ್ಟಬೇಕು. ಇದನ್ನು ಓದಿದ ಮೇಲೆ ಅಪ್ಪನನ್ನು ಏನೂ ಕೇಳಬೇಡ — ಅವರು ಮತ್ತೆ ಸುಳ್ಳು ಹೇಳಿ ನನ್ನನ್ನು ಉಳಿಸುತ್ತಾರೆ. ನನ್ನನ್ನು ಕೇಳು. ಅವರ ಎದುರಿಗೇ ಕೇಳು.