ಕೆಂಪನಂಜಪ್ಪನವರ ಹನ್ನೆರಡು ಚೂರು

ನನ್ನ ಭಾವ ಕೆಂಪನಂಜಪ್ಪನವರು ಕುಂತೂರಿನ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಬ್ಬು ಪರೀಕ್ಷೆ ಮಾಡಿದವರು. ಕೆಲಸ ಸಣ್ಣದು, ಗತ್ತು ದೊಡ್ಡದು. ಟ್ರ್ಯಾಕ್ಟರ್ ಬಂದು ನಿಂತ ಕೂಡಲೇ ರೈತ ಲೋಡಿನ ಮೇಲಿಂದ ಒಂದು ಒಳ್ಳೆಯ ಜಲ್ಲೆ ಎಳೆದು ಕೈಗೆ ಕೊಡಲು ಬರುತ್ತಿದ್ದ. ಭಾವ ಅದನ್ನು ಮುಟ್ಟುತ್ತಿರಲಿಲ್ಲ. ನಾಲ್ಕು ಮೂಲೆ, ನಡು, ತಳ ಎಂದು ತಾವೇ ತೋರಿಸಿ ಹನ್ನೆರಡು ಜಲ್ಲೆ ಕೀಳಿಸಿ, ಒಂದೊಂದನ್ನೂ ಮಚ್ಚಿನಲ್ಲಿ ಉದ್ದಕ್ಕೆ ಸೀಳುತ್ತಿದ್ದರು. ಕೊಳೆರೋಗ ಹತ್ತಿದ ಕಬ್ಬು ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಸೀಳಿದ ಮೇಲೇ ಒಳಗಿನ ಕೆಂಪು ಗೊತ್ತಾಗುವುದು.

ತೊಂಬತ್ತೊಂದರಲ್ಲಿ ಬಂಡಳ್ಳಿಯ ಚಿಕ್ಕಮಾದಪ್ಪನ ಲೋಡು ಬಂತು. ಹನ್ನೊಂದು ಜಲ್ಲೆ ಬೆಳ್ಳಗಿದ್ದವು, ಒಂದು ಕೆಂಪಗಿತ್ತು.

"ಸಾ, ಅನ್ನೊಂದು ಚೆಂದಾಗವೆ. ಒಂದು ತಾನೆ, ಬುಟ್ಬುಡಿ ಸಾ," ಎಂದು ಆತ ಕೈ ಮುಗಿದ.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ಅನ್ನೊಂದ ಮನೆಗೆ ತಕಂಡೋಗಿ ನಿನ್ನ ಎಮ್ಮೆಗಾಕು ಕಣಯ್ಯ."

ಅಂಗಳಕ್ಕೆ ಅಂಗಳವೇ ನಕ್ಕಿತು. ಲೋಡು ಬಂಡಳ್ಳಿಗೆ ವಾಪಸಾಯಿತು. ಭಾವ ಈ ಕಥೆಯನ್ನು ಮುಂದೆ ಹತ್ತು ವರ್ಷ ಪ್ರತಿಯೊಂದು ಮದುವೆ ಪಂಕ್ತಿಯಲ್ಲೂ ಹೇಳಿದರು. ಎಲೆಗೆ ಉಪ್ಪಿನಕಾಯಿ ಬೀಳುವ ಮೊದಲೇ ಚಿಕ್ಕಮಾದಪ್ಪ ಬಂದು ಬೀಳುತ್ತಿದ್ದ.

ನಿವೃತ್ತಿಯಾಗಿ ಎರಡು ವರ್ಷಕ್ಕೆ, ಎರಡು ಸಾವಿರದ ಮೂರರಲ್ಲಿ, ಭಾವನಿಗೆ ಮೂತ್ರದ ತೊಂದರೆ ಶುರುವಾಯಿತು. ಮೈಸೂರಿಗೆ ಕರೆದುಕೊಂಡು ಹೋದವನು ನಾನು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು, "ಪ್ರಾಸ್ಟೇಟ್ ಗ್ರಂಥಿ ವಯಸ್ಸಿಗೆ ಊದಿರಬಹುದು, ಕ್ಯಾನ್ಸರೂ ಇರಬಹುದು. ಸ್ಕ್ಯಾನಿಂಗ್‌ನಲ್ಲಿ ನೋಡ್ಕೊಂಡೇ ಸೂಜಿ ಹಾಕಿ ಹನ್ನೆರಡು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ," ಎಂದರು. ಸ್ಕ್ಯಾನಿಂಗ್ ಕಡ್ಡಿಯೂ ಸೂಜಿಯೂ ಗುದದ್ವಾರದ ಮೂಲಕ ಹೋಗುತ್ತವೆ ಎಂದು ತಿಳಿದಾಗ ಭಾವನ ಮುಖ ನೋಡಬೇಕಿತ್ತು. ಇಪ್ಪತ್ತು ವರ್ಷದ ಗತ್ತು ಕುರ್ಚಿಯಿಂದ ಜಾರಿ ಕೆಳಗಿಳಿಯಿತು.

"ಒಂದು ಚೂರು ತಕಳಿ ಸಾ, ಸಾಕು. ಎಲ್ಲಿಂದ ಅಂತ ನಾನೇ ಏಳ್ತೀನಿ," ಎಂದರು.

ಡಾಕ್ಟರು ಒಪ್ಪಲಿಲ್ಲ. ಊರಿಗೆ ಬಂದ ಭಾವ ಎರಡು ತಿಂಗಳು ಮೈಸೂರಿನ ಕಡೆ ತಲೆ ಹಾಕಲಿಲ್ಲ. ಸೂಜಿ ತಾಕಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದಂತೆ. ಇದನ್ನು ಅವರಿಗೆ ಹೇಳಿದವನು ಟೀ ಅಂಗಡಿಯವನು. ಅವನಿಗೆ ಟೀಯೇ ಸರಿಯಾಗಿ ಬರುತ್ತಿರಲಿಲ್ಲ. ನಾನು ಹೇಳಿ ಹೇಳಿ ಸೋತೆ.

ಕೊನೆಗೆ ನನ್ನ ಅಕ್ಕ ಚಿಕ್ಕಬಸಮ್ಮ ರಾಗಿ ಕೇರುತ್ತಾ, ತಲೆಯೆತ್ತದೆ ಹೇಳಿದಳು: "ಊರೋರ ಕಬ್ಬೆಲ್ಲಾ ಸೀಳಿ ನೋಡುದ್ರಿ. ಮೇಲಿಂದು ಕೊಟ್ರೆ ಕಳ್ಳ ಅಂದ್ರಿ. ಈಗ ನೀವೇ ಮೇಲಿಂದು ಕೊಡಕೆ ನಿಂತಿದೀರಲ್ಲ."

ಮಾರನೆಯ ದಿನ ಭಾವ ಕಣ್ಣು ತೋರಿಸಲು ಹೋಗುತ್ತೇನೆಂದು ಊರಿಗೆಲ್ಲ ಸಾರಿ, ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದರು.

ಮೈಸೂರಿನ ಆಸ್ಪತ್ರೆಯಲ್ಲಿ ನಾನು ಪರದೆಯ ಈಚೆ ನಿಂತಿದ್ದೆ. ಮಗ್ಗುಲಾಗಿ ಮಲಗಿದ ಭಾವ ಮೊದಲು ನರಳಿದರು. ಸೂಜಿ ಟಪ್ಪೆಂದಾಗಲೆಲ್ಲ ಅಭ್ಯಾಸಬಲದಿಂದ ಎಣಿಸತೊಡಗಿದರು. ಏಳಕ್ಕೆ ಬಂದಾಗ ನೋವು ಮರೆತು ಮೇಲ್ವಿಚಾರಣೆಗೇ ಇಳಿದರು.

"ಸಾ, ತಳದ್ದು ತಕಂಡ್ರಾ?"

"ತಗೊಂಡೆ ಯಜಮಾನ್ರೇ."

"ಎಡಗಡೆ ಮೂಲೆದು?"

"ಟಿವೀಲಿ ಎಲ್ಲಾ ಕಾಣ್ತಾ ಇದೆ. ಅಲ್ಲಾಡಬೇಡಿ."

ಇಂಥ ಮನುಷ್ಯನನ್ನು ಏನು ಮಾಡುವುದು?

ವಾರ ಬಿಟ್ಟು ಫಲಿತಾಂಶಕ್ಕೆ ಹೋದೆವು. ಹನ್ನೊಂದು ಚೂರು ಶುದ್ಧವಾಗಿದ್ದವು. ಎಡಗಡೆ ತಳದ ಒಂದರಲ್ಲಿ ಕ್ಯಾನ್ಸರ್ ಇತ್ತು. ಗ್ರಂಥಿಯ ಹೊರಗೆ ಹೋದಂತೆ ಕಾಣುವುದಿಲ್ಲ, ಈಗಲೇ ಆಪರೇಷನ್ ಮಾಡಿದರೆ ವಾಸಿಯಾಗಬಹುದು ಎಂದು ಡಾಕ್ಟರು ಹೇಳಿದರು.

ಭಾವ ಎದ್ದು ನಿಂತರು. ಎರಡೂ ಕೈ ಮುಗಿದರು.

"ಸಾ, ಅನ್ನೊಂದು ಚೆಂದಾಗವೆ. ಒಂದು ತಾನೆ, ಬುಟ್ಬುಡಿ ಸಾ."

ಹತ್ತು ವರ್ಷ ಪಂಕ್ತಿಯಲ್ಲಿ ಕುಳಿತು ಆ ಕಥೆ ಕೇಳಿದ್ದವನು ನಾನು. ನಗು ಗಂಟಲವರೆಗೂ ಬಂದಿತ್ತು. ಆದರೆ ಭಾವ ಮುಗಿದ ಕೈ ಇಳಿಸದೆ ಡಾಕ್ಟರ ಮುಖವನ್ನೇ ನೋಡುತ್ತಿದ್ದರು. ನನ್ನ ಬಗ್ಗೆಯೇ ಹೇಸಿಗೆಯಾಯಿತು. ಡಾಕ್ಟರು ನಗಲಿಲ್ಲ. ಭಾವನ ಭುಜ ಹಿಡಿದು ಕೂರಿಸಿ, "ಆ ಒಂದು ಸಿಕ್ಕಿದ್ದೇ ನಿಮ್ಮ ಪುಣ್ಯ," ಎಂದರು. ಸೋಮವಾರ ಅಡ್ಮಿಟ್ ಆಗಲು ಭಾವ ತಲೆಯಾಡಿಸಿದರು.

ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ ಕುಂತೂರಿಗೆ ಬಂದೆವು. ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಭಾವ ಕಪ್ಪು ಕನ್ನಡಕ ತೆಗೆದು ಆ ಸಾಲನ್ನು ನೋಡಿದರು.

"ಚಿಕ್ಕಮಾದಪ್ಪನ ಲೋಡ ವಾಪಸ್ ಕಳಿಸಿದ್ದು ಸರಿನೇ ಕಣಯ್ಯ," ಎಂದರು. "ಅವ ಕೈ ಮುಗ್ದಾಗ ನಾನು ನಗಬಾರ್ದಾಗಿತ್ತು."