ಹದಿನಾರಕ್ಕಿಂತ ದೊಡ್ಡ ಹನ್ನೊಂದು

ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಿನ ಬೇಸ್‌ಬಾಲ್ ಕ್ಲಬ್ಬಿನಲ್ಲಿ ನನ್ನ ಹೆಂಡತಿ ಆಡುತ್ತಾಳೆ, ನಾನು ಸ್ಕೋರ್ ಬರೆಯುತ್ತೇನೆ. ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿದ್ದವಳು ನಲವತ್ತು ದಾಟಿದ ಮೇಲೆ ಇಲ್ಲಿ ಮತ್ತೆ ಬ್ಯಾಟು ಹಿಡಿದಳು. ನನಗೆ ಈ ಪದವಿ ಸಿಕ್ಕಿದ್ದು ಅರ್ಹತೆಯಿಂದಲ್ಲ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವನಿಗೆ ಪೆನ್ಸಿಲ್ ಹಿಡಿಯಲಾದರೂ ಬರುತ್ತದೆ ಎಂಬ ನಂಬಿಕೆಯಿಂದ.

ಆ ಬೇಸಿಗೆಯಲ್ಲಿ ಅವಳು ಪ್ರತಿ ಪಂದ್ಯದಲ್ಲೂ ಒಮ್ಮೆಯಾದರೂ ಔಟಾಗದೆ ಮೊದಲ ಬೇಸು ಮುಟ್ಟುತ್ತಿದ್ದಳು. ಚೆಂಡು ಹೊಡೆದು ಓಡಿ ಮುಟ್ಟಬಹುದು. ಎದುರಾಳಿ ನಾಲ್ಕು ಕೆಟ್ಟ ಚೆಂಡು ಎಸೆದರೆ ನಡೆದೇ ಹೋಗಬಹುದು. ಚೆಂಡು ಮೈಗೆ ಬಡಿದರೆ ಕುಂಟುತ್ತಲೂ ಹೋಗಬಹುದು. ಹೀಗೆ ಸತತ ಹದಿನೈದು ಪಂದ್ಯಗಳಾದವು. ಕ್ಲಬ್ಬಿನ ದಾಖಲೆ ಹದಿನಾರು. ಅದರ ಒಡೆಯರು ಎಪ್ಪತ್ತು ದಾಟಿದ ಒಬ್ಬ ಹಿರಿಯರು; ಈಗ ತಂಡದ ಫೀಕಾಕ್ಕೆ, ಅಂದರೆ ಕಾಫಿ-ತಿಂಡಿಯ ಬಿಡುವಿಗೆ, ಕಾಫಿ ಕಾಯಿಸುವವರು. ಭಾನುವಾರ ಸಮ ಮಾಡಿ, ಮುಂದಿನ ವಾರ ಮುರಿಯಬೇಕೆಂದು ನನ್ನಾಕೆ ಹಟ ಹಿಡಿದಿದ್ದಳು.

ಶನಿವಾರ ನಾನು ಹದಿನೈದು, ಹದಿನಾರು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ನೋಟಿಸ್ ಬೋರ್ಡಿಗಾಗಿ ಒಂದು ಘನಗಂಭೀರ ಲೇಖನ ಬರೆಯಲು ಕುಳಿತೆ. ಘನತೆಗೆ ಕುಂದು ಬಾರದಿರಲೆಂದು ನಿಯಮಗಳ ಪುಸ್ತಕವನ್ನೂ ತೆರೆದೆ. ಮೊದಲ ಸಲ ಓದಿದ್ದು ಅಂದೇ. ಎದುರಾಳಿ ಫೀಲ್ಡರ್ ಚೆಂಡು ಕೈಬಿಟ್ಟ ತಪ್ಪಿನಿಂದ ಬೇಸು ಮುಟ್ಟಿದರೆ ಅದು ಲೆಕ್ಕಕ್ಕಿಲ್ಲ ಎಂದಿತ್ತು. ಕ್ರಿಕೆಟ್ಟಿನಲ್ಲಿ ಬೆಳೆದ ತಲೆ ನನ್ನದು. ಅಲ್ಲಿ ಕ್ಯಾಚು ಕೈಜಾರಿದರೂ ಓಡಿದ ರನ್ನು ಬ್ಯಾಟ್ಸ್‌ಮನ್ನನದೇ. ಅದೇ ಧರ್ಮವನ್ನು ಇಲ್ಲಿಯೂ ಪಾಲಿಸಿದ್ದೆ.

"ಯಾಕ್ರೀ, ಯಾರೋ ಹೋಗ್ಬಿಟ್ರೇನೋ ಅನ್ನೋ ಥರ ಮುಖ ಮಾಡ್ಕೊಂಡಿದೀರ?"

"ನಾಲ್ಕನೇ ಮ್ಯಾಚಲ್ಲಿ ಆ ಹುಡುಗಿ ಬಾಲ್ ಬಿಟ್ಲಲ್ಲ, ಅದಕ್ಕೇ ನೀನು ಬೇಸ್ ಮುಟ್ಟಿದ್ದು."

"ಬಿಟ್ಟಿದ್ದು ಅವಳು. ಓಡಿದ್ದು ನಾನು ತಾನೆ?"

"ಅದು ಕೌಂಟ್ ಆಗಲ್ವಂತೆ. ಸರಣಿ ಅಲ್ಲೇ ಮುರೀತು. ಐದನೇ ಮ್ಯಾಚಿಂದ ಎಣಿಸ್ಬೇಕು; ಹದಿನೈದಲ್ಲ, ಹನ್ನೊಂದೇ."

ಅವಳು ಸೋಫಾದ ಮೇಲೆ ಕುಸಿದಳು. "ಇಷ್ಟು ದಿನ ಓದ್ದೇ ಇರೋ ಪುಸ್ತಕಾನ ಇನ್ನೊಂದು ವಾರ ಓದ್ದೇ ಇರಕ್ಕಾಗ್ತಿರ್ಲಿಲ್ವಾ?"

ನಾನು ಪುಸ್ತಕ ಮುಚ್ಚಿಟ್ಟೆ. ಅವಳು ಎದ್ದು ಕೂತು ಹೇಳಿದಳು: "ನಾಳೆ ಮ್ಯಾಚಿಗೆ ಮುಂಚೇನೇ ಹೇಳ್ಬಿಡಿ. ದಾಖಲೆ ಮುರಿದ್ಮೇಲೆ ಈ ಮುಖ ಹೊತ್ಕೊಂಡು ನೀವು ಮನೆ ತುಂಬಾ ಓಡಾಡೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

ಭಾನುವಾರ ಹಿರಿಯರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಕಾಫಿ ಫ್ಲಾಸ್ಕ್ ಕೆಳಗಿಟ್ಟು, ಕಪಾಟಿನಿಂದ ತಮ್ಮ ಕಾಲದ ಸ್ಕೋರ್ ಪುಸ್ತಕ ತೆಗೆದರು. ಪುಟ ತಿರುಗಿಸುತ್ತ ಹೋದವರು ಒಂಬತ್ತನೇ ಪಂದ್ಯದ ಬಳಿ ನಿಂತರು.

"ಇಲ್ಲಿ ನೋಡಿ, ನನ್ನದೂ ಅದೇ ಕಥೆ. ಎದುರಾಳಿ ಚೆಂಡು ಬಿಟ್ಟಿದ್ದಾನೆ."

"ಹಾಗಾದರೆ ಲೆಕ್ಕಕ್ಕೆ ಹೇಗೆ ಸೇರಿತು?"

"ಆಗ ಸ್ಕೋರ್ ಬರೆಯುತ್ತಿದ್ದದ್ದು ನನ್ನ ಅಮ್ಮ."

ಈ ಗಂಡ ಮಾಡಿದ ತಪ್ಪನ್ನು ಆ ತಾಯಿ ಮೊದಲೇ ಮಾಡಿಟ್ಟಿದ್ದರು. ಹಿರಿಯರೇ ಪೆನ್ನು ತೆಗೆದು ಎಣಿಸಿದರು. ಒಂಬತ್ತನೆಯದನ್ನು ತೆಗೆದರೆ ಹಿಂದೆ ಎಂಟು, ಮುಂದೆ ಏಳು. ಅಲ್ಲಿಗೆ ಅವರ ಅತಿ ದೊಡ್ಡ ಸರಣಿ ಎಂಟೇ. ಬೇರೆ ಯಾರೂ ಅಷ್ಟು ದೂರವೂ ಹೋಗಿರಲಿಲ್ಲ. ನನ್ನಾಕೆಯದು ಹನ್ನೊಂದು.

"ನೀವು ಆಗಲೇ ದಾಖಲೆ ಮುರಿದಾಗಿದೆ!" ಎಂದು ಅವಳ ಕೈ ಕುಲುಕಿದರು. "ಅಮ್ಮನಿಗೆ ತೊಂಬತ್ತಾರು. ಅವರಿಗೆ ಮಾತ್ರ ಹೇಳಬೇಡಿ."

ಮುರಿದದ್ದು ಯಾವಾಗ ಎಂದು ಹುಡುಕಿದೆವು. ಹದಿಮೂರನೇ ಪಂದ್ಯದಲ್ಲಿ, ತೊಡೆಗೆ ಚೆಂಡು ಬಡಿಸಿಕೊಂಡು ಇವಳು ಕುಂಟುತ್ತ ಬೇಸಿಗೆ ಹೋದಾಗ. ಆ ಚಾರಿತ್ರಿಕ ಕ್ಷಣದಲ್ಲಿ ಚಪ್ಪಾಳೆ ತಟ್ಟಿದವರಿಲ್ಲ. ನಾನಂತೂ ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದೆ.

ಅಂದಿನ ಪಂದ್ಯದಲ್ಲಿ ಅವಳು ನಾಲ್ಕು ಸಲವೂ ಔಟಾದಳು. ಸರಣಿ ಅಲ್ಲಿಗೆ ಮುಗಿಯಿತು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಬೆವರಿದ ಮುಖದ ತುಂಬ ನಗುತ್ತ ನನ್ನ ಬಳಿ ಬಂದಳು.

"ನೀವು ಆ ಪುಸ್ತಕ ಓದ್ದೇ ಇದ್ದಿದ್ರೆ?"

"ನೀನು ಹದಿನೈದಕ್ಕೇ ನಿಂತಿರ್ತಿದ್ದೆ. ಸೋತಿರ್ತಿದ್ದೆ."

"ಮತ್ತೆ ಹನ್ನೊಂದಕ್ಕೆ ಗೆದ್ದೆ ಅನ್ನಿ! ಜೋರಾಗ್ ಅನ್ರೀ, ಎಲ್ರಿಗೂ ಕೇಳ್ಲಿ."

ಅಷ್ಟರಲ್ಲಿ ಹಿರಿಯರು ಬೋರ್ಡಿನ ಮೇಲಿದ್ದ ಹದಿನಾರನ್ನು ತಮ್ಮ ಕೈಯಾರೆ ಒರೆಸಿ ಹನ್ನೊಂದು ಎಂದು ಬರೆದರು. ದಾಖಲೆ ಐದು ಕಡಿಮೆಯಾದುದಕ್ಕೆ ಇಡೀ ತಂಡ ಎದ್ದುನಿಂತು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನನ್ನ ಹೆಂಡತಿಯೇ.